ಕನ್ವೇಯರ್ ಬೆಲ್ಟಿನ ಆರೈಕೆ: ಯಾರ ಕೈ, ಯಾವ ಹೊತ್ತು?

ರಾಯಚೂರು ಬಳಿಯ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ 210 ಮೆಗಾವಾಟಿನ ಏಳು ಘಟಕಗಳೂ 250 ಮೆಗಾವಾಟಿನ ಒಂದು ಘಟಕವೂ ಇವೆ. 210ರ ಒಂದು ಘಟಕ ಪೂರ್ತಿ ಸಾಮರ್ಥ್ಯದಲ್ಲಿ ನಡೆದರೆ ದಿನಕ್ಕೆ ಮೂರು ಸಾವಿರ ಟನ್ನಿಗೂ ಹೆಚ್ಚು ಕಲ್ಲಿದ್ದಲು ಬೇಕು. ರೈಲಿನ ವ್ಯಾಗನ್ನಿನಿಂದ ಇಳಿದ ಕಲ್ಲಿದ್ದಲು ಕ್ರಷರ್ ಹೌಸ್ ದಾಟಿ ಬಾಯ್ಲರ್ ಪಕ್ಕದ ಬಂಕರಿಗೆ ಏರುವುದು ರಬ್ಬರ್ ಬೆಲ್ಟುಗಳ ಮೇಲೆ. ಬಂಕರಿನಲ್ಲಿ ಇರುವುದು ಕೆಲವು ತಾಸಿನ ಸರಕು ಮಾತ್ರ. ಅಷ್ಟರೊಳಗೆ ಬೆಲ್ಟು ಮತ್ತೆ ಓಡದಿದ್ದರೆ ಟರ್ಬೈನು, ಜನರೇಟರು, ಟ್ರಾನ್ಸ್‌ಫಾರ್ಮರು ಎಲ್ಲ ಸರಿಯಿದ್ದೂ ಕರೆಂಟು ಬರುವುದಿಲ್ಲ.

ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಬೆಳಗಾವಿ ಬಾಗಲಕೋಟೆಗಳ ಸಕ್ಕರೆ ಕಾರ್ಖಾನೆ, ಗಂಗಾವತಿ ಕಾರಟಗಿಯ ಅಕ್ಕಿ ಗಿರಣಿ, ಎಲ್ಲ ಕಡೆಯೂ ಇದೇ ಮಾತು. ಸರಕು ಸಾಗಿಸುವ ಯಂತ್ರ ನಿಂತರೆ ಉಳಿದ ಯಂತ್ರಗಳಿಗೆ ಕೆಲಸವಿಲ್ಲ. ಹೀಗಿದ್ದೂ ಕಾರ್ಖಾನೆಯಲ್ಲಿ ಕನ್ವೇಯರಿಗೆ ಸಿಗುವ ಮರ್ಯಾದೆ ಕಡಿಮೆ. ಟರ್ಬೈನಿಗೆ ಇರುವಂಥ ಎಂಜಿನಿಯರುಗಳ ತಂಡ ಅದಕ್ಕಿರುವುದಿಲ್ಲ. ಕೆಟ್ಟರೆ ಫಿಟ್ಟರ್ ನೋಡಿಕೊಳ್ಳುತ್ತಾನೆ, ಅವನ ಕೈಲಿ ಆಗದಿದ್ದರೆ ಹೊರಗಿನವರನ್ನು ಕರೆಸುತ್ತಾರೆ.

ಈ ‘ಅವನ ಕೈಲಿ ಆಗದಿದ್ದರೆ’ ಎಂಬ ಮಾತಿನ ಸುತ್ತಲೇ ದೊಡ್ಡ ಚರ್ಚೆಯಿದೆ. ಬೆಲ್ಟನ್ನು ಯಾವಾಗ ಮುಟ್ಟಬೇಕು, ಯಾವಾಗ ಮುಟ್ಟಬಾರದು? ಪಕ್ಕದಲ್ಲಿ ನಿಂತ ಕಾರ್ಮಿಕ ಯಾವುದನ್ನು ಸರಿಮಾಡಬಹುದು, ಯಾವುದಕ್ಕೆ ಅದರಲ್ಲೇ ನುರಿತವರು ಬರಬೇಕು? ಎಂಟು ದಶಕಗಳಿಂದ ಎಂಜಿನಿಯರುಗಳು ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತ ಬಂದಿದ್ದಾರೆ.

ಸವೆತದಿಂದಲೇ ಹುಟ್ಟಿದ ಯಂತ್ರ

ಇಂದಿನ ರಬ್ಬರ್ ಬೆಲ್ಟ್ ಕನ್ವೇಯರ್ ಹುಟ್ಟಿದ್ದೇ ಒಂದು ನಿರ್ವಹಣೆಯ ಸಮಸ್ಯೆಯಿಂದ. 1890ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ಎಡಿಸನ್ ಕಬ್ಬಿಣದ ಅದಿರಿನ ಕಾರ್ಖಾನೆಯೊಂದನ್ನು ನಡೆಸುತ್ತಿದ್ದರು. ಅಲ್ಲಿ ಅದಿರು ಹೊರುತ್ತಿದ್ದ ಬಟ್ಟೆಯ ಬೆಲ್ಟುಗಳು ಬೇಗ ಹರಿದುಹೋಗುತ್ತಿದ್ದವು. ರಬ್ಬರ್ ಸಾಮಾನು ಮಾರುತ್ತಿದ್ದ ಥಾಮಸ್ ರಾಬಿನ್ಸ್ ಎಂಬ ಯುವಕ ಅದನ್ನು ನೋಡಿ, ಬಟ್ಟೆಗಿಂತ ಅದರ ಮೇಲಿನ ತೆಳು ರಬ್ಬರಿನ ಲೇಪವೇ ಹೆಚ್ಚು ತಾಳುತ್ತಿದೆ ಎಂದು ಗುರುತಿಸಿದರು. ಸರಕು ಬೀಳುವ ಕಡೆ ದಪ್ಪ ರಬ್ಬರ್ ಹಾಕಿದ ಬೆಲ್ಟು ಹೀಗೆ ಬಂತು. ಅದಕ್ಕೆ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ದೊಡ್ಡ ಬಹುಮಾನವೂ ಬಂತು. 1905ರಲ್ಲಿ ರಿಚರ್ಡ್ ಸಟ್‌ಕ್ಲಿಫ್ ಭೂಮಿಯೊಳಗಿನ ಕಲ್ಲಿದ್ದಲು ಗಣಿಗೆ ಬೆಲ್ಟನ್ನು ಇಳಿಸಿದರು. 1913ರಲ್ಲಿ ಫೋರ್ಡ್ ಕಾರಿನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆ ಸಾಲು ಶುರುವಾಯಿತು.

ಅಲ್ಲಿಂದ ಮುಂದೆ ಬೆಲ್ಟಿನ ಉದ್ದವೂ ವೇಗವೂ ಏರುತ್ತಲೇ ಹೋದವು. ಪಶ್ಚಿಮ ಸಹಾರಾದ ಬೂ ಕ್ರಾ ಗಣಿಯಿಂದ ಸಮುದ್ರದವರೆಗೆ ಫಾಸ್ಫೇಟ್ ಒಯ್ಯುವ ಬೆಲ್ಟುಗಳ ಸರಣಿ ನೂರು ಕಿ.ಮೀ.ಗೆ ಹತ್ತಿರ. ನಮ್ಮಲ್ಲೇ ಸಂಡೂರಿನ ಗಣಿಗಳಿಂದ ತೋರಣಗಲ್ಲಿಗೆ ಅದಿರು ತರುವ ಪೈಪ್ ಕನ್ವೇಯರ್ ಸುಮಾರು 24 ಕಿ.ಮೀ. ಇದೆ. ಬೆಲ್ಟನ್ನು ಕೊಳವೆಯ ಹಾಗೆ ಸುತ್ತಿ ಒಯ್ಯುವುದರಿಂದ ದೂಳು ಹಾರುವುದಿಲ್ಲ. ರಸ್ತೆಯ ಮೇಲೆ ಅಷ್ಟು ಲಾರಿಗಳೂ ಬೇಡ.

ನಿರ್ವಹಣೆಯ ಚರಿತ್ರೆಯನ್ನು ತಿರುಗಿಸಿದ್ದು ಮಾತ್ರ ಸಾವು. 1950ರ ಸೆಪ್ಟೆಂಬರ್ 26ರ ನಸುಕಿನಲ್ಲಿ ಇಂಗ್ಲೆಂಡಿನ ಡರ್ಬಿಶೈರಿನ ಕ್ರೆಸ್‌ವೆಲ್ ಗಣಿಯಲ್ಲಿ, ಒಂದು ಬೆಲ್ಟು ಇನ್ನೊಂದಕ್ಕೆ ಕಲ್ಲಿದ್ದಲು ಸುರಿಯುವ ಜಾಗದಲ್ಲಿ, ಹರಿದ ಬೆಲ್ಟಿನ ತುಂಡು ಚ್ಯೂಟಿನಲ್ಲಿ ಸಿಕ್ಕಿಕೊಂಡಿತು. ಓಡುತ್ತಿದ್ದ ಬೆಲ್ಟು ಅದಕ್ಕೆ ಉಜ್ಜಿ ಉಜ್ಜಿ ಕಾದು ಬೆಂಕಿ ಹೊತ್ತಿತು. 80 ಜನ ಸತ್ತರು. ಬೆಂಕಿ ಹರಡದ ಬೆಲ್ಟುಗಳಿಗಾಗಿ ಬ್ರಿಟಿಷ್ ಗಣಿಗಳು ಆಮೇಲೆ ಹುಡುಕಾಡಿದವು. ಆದರೂ 2006ರ ಜನವರಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಅರಕೋಮಾ ಆಲ್ಮಾ ಗಣಿಯಲ್ಲಿ ದಾರಿ ತಪ್ಪಿದ ಬೆಲ್ಟೊಂದು ಉಜ್ಜಿ ಬೆಂಕಿಯಾಗಿ ಇಬ್ಬರು ಸತ್ತರು. 55 ವರ್ಷಗಳ ಅಂತರ. ಕಾರಣ ಹೆಚ್ಚುಕಡಿಮೆ ಒಂದೇ: ಬೆಲ್ಟು ತಾಗಬಾರದ್ದಕ್ಕೆ ತಾಗಿತು, ಹೊತ್ತಿಗೆ ಸರಿಯಾಗಿ ನಿಲ್ಲಲಿಲ್ಲ.

ಕೆಡುವ ಬಗೆ

ವಾದಗಳಿಗೆ ಹೋಗುವ ಮೊದಲು ಬೆಲ್ಟು ಹೇಗೆ ಕೆಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಅದು ತಿಳಿಯದೆ ಯಾವ ಪಂಥ ಎಲ್ಲಿ ಸರಿ ಎಂಬುದು ಗೊತ್ತಾಗುವುದಿಲ್ಲ.

ದಿನನಿತ್ಯದ ಕಾಟವೆಂದರೆ ಬೆಲ್ಟು ಸೈಡಿಗೆ ಹೋಗುವುದು. ಇದರ ಹಿಂದಿರುವ ನಿಯಮ ಒಂದೇ: ರೋಲರಿನ ಯಾವ ತುದಿಯನ್ನು ಬೆಲ್ಟು ಮೊದಲು ಮುಟ್ಟುತ್ತದೋ ಆ ಕಡೆಗೆ ಸರಿಯುತ್ತದೆ. ರೋಲರ್ ಕೂತ ಫ್ರೇಮು ಒಂದು ಕಡೆ ಕೊಂಚ ಹಿಂದೆ ಸರಿದಿದ್ದರೂ ಸಾಕು. ಆದ್ದರಿಂದ ಬೆಲ್ಟು ಅಂಚಿಗೆ ಉಜ್ಜುವ ಜಾಗದಲ್ಲಿ ರೋಗ ಇರುವುದಿಲ್ಲ, ಬೆಲ್ಟು ಆಗಲೇ ದಾಟಿ ಬಂದ ರೋಲರುಗಳಲ್ಲಿ ಇರುತ್ತದೆ. ಅನುಭವಿ ಫಿಟ್ಟರ್ ಅಲ್ಲಿಗೆ ಹೋಗಿ, ಒಂದು ಫ್ರೇಮನ್ನು ತುಸುವೇ ತಟ್ಟಿ, ಬೆಲ್ಟು ಎರಡು ಮೂರು ಪೂರ್ತಿ ಸುತ್ತು ಬರುವವರೆಗೆ ಕಾಯುತ್ತಾನೆ. ಅನುಭವವಿಲ್ಲದವನು ಉಜ್ಜುವ ಜಾಗದಲ್ಲೇ ಹತ್ತು ಫ್ರೇಮು ತಿರುಗಿಸುತ್ತಾನೆ. ಬೆಲ್ಟು ಅಲ್ಲಿ ಸರಿಹೋಗಿ ಐವತ್ತು ಅಡಿ ಮುಂದೆ ಇನ್ನೊಂದು ಕಡೆ ಸರಿಯುತ್ತದೆ.

ರೋಗ ಗುರುತಿಸುವ ದಾರಿಯೂ ಇದೆ. ಬೆಲ್ಟಿನ ಒಂದೇ ತುಂಡು ಹೋದಲ್ಲೆಲ್ಲ ಸರಿಯುತ್ತಿದ್ದರೆ ಜಾಯಿಂಟು ಸೊಟ್ಟಗಿದೆ, ಇಲ್ಲವೇ ಆ ತುಂಡೇ ಬಾಗಿದೆ. ಇಡೀ ಬೆಲ್ಟು ಒಂದೇ ಜಾಗದಲ್ಲಿ ಸರಿಯುತ್ತಿದ್ದರೆ ದೋಷ ಅಲ್ಲಿನ ಉಕ್ಕಿನ ಚೌಕಟ್ಟಿನಲ್ಲಿದೆ ಅಥವಾ ರೋಲರುಗಳಲ್ಲಿದೆ. ಖಾಲಿ ಓಡುವಾಗ ನೆಟ್ಟಗಿದ್ದು ಸರಕು ಬಿದ್ದಾಗ ಮಾತ್ರ ಸರಿದರೆ ಚ್ಯೂಟಿನಿಂದ ಸರಕು ನಡುವಿಗೆ ಬೀಳುತ್ತಿಲ್ಲ. ಈ ಮೂರನ್ನು ಬೇರ್ಪಡಿಸಲು ಯಾವ ಉಪಕರಣವೂ ಬೇಡ. ಹತ್ತು ನಿಮಿಷ ನಿಂತು ನೋಡುವ ತಾಳ್ಮೆ ಬೇಕು.

ಎರಡನೆಯದು, ಬೆಲ್ಟಿಗೆ ಅಂಟಿಕೊಂಡೇ ಹಿಂದಿರುಗುವ ಪುಡಿ. ತಲೆಯ ಪುಲಿಯಲ್ಲಿರುವ ಸ್ಕ್ರೇಪರ್ ಸವೆದಿದ್ದರೆ ಆ ಪುಡಿ ಕೆಳಗಿನ ರೋಲರುಗಳ ಮೇಲೆ ಗಟ್ಟಿಯಾಗಿ ಕೂರುತ್ತದೆ. ರೋಲರ್ ಒಂದು ಕಡೆ ದಪ್ಪವಾಗುತ್ತದೆ, ಬೆಲ್ಟು ಮತ್ತೆ ಸರಿಯುತ್ತದೆ. ಉದುರಿದ ಪುಡಿ ನೆಲದಲ್ಲಿ ಗುಡ್ಡೆಯಾಗಿ ರೋಲರನ್ನು ಮುಟ್ಟಿದರೆ ರೋಲರ್ ತಿರುಗುವುದನ್ನೇ ನಿಲ್ಲಿಸುತ್ತದೆ. ನಿಂತ ರೋಲರಿನ ಮೇಲೆ ಬೆಲ್ಟು ಉಜ್ಜಿ ಉಜ್ಜಿ ಅದರ ಕಬ್ಬಿಣದ ಸಿಪ್ಪೆ ತೆಳುವಾಗಿ, ಕೊನೆಗೆ ಚಾಕುವಿನಂಥ ಅಂಚು ಬರುತ್ತದೆ. ಇಡೀ ಬೆಲ್ಟನ್ನು ಉದ್ದಕ್ಕೆ ಸೀಳಲು ಅಂಥದ್ದೊಂದು ಸಾಕು.

ಮೂರನೆಯದು ಜಾರುವಿಕೆ. ಮೋಟಾರಿನ ಪುಲಿ ಬೆಲ್ಟನ್ನು ಎಳೆಯುವುದು ಬರೀ ಘರ್ಷಣೆಯ ಬಲದಿಂದ. ಪುಲಿಯನ್ನು ಬೆಲ್ಟು ಅರ್ಧ ಸುತ್ತು ಅಪ್ಪಿದ್ದು ಘರ್ಷಣಾಂಕ 0.35 ಇದ್ದರೆ, ಬಿಗಿ ಕಡೆಯ ಎಳೆತ ಸಡಿಲ ಕಡೆಯದರ ಮೂರು ಪಟ್ಟಿನವರೆಗೆ ಹೋಗಬಹುದು. ಮಳೆಗಾಲದಲ್ಲಿ ಪುಲಿ ಒದ್ದೆಯಾಗಿ ಘರ್ಷಣಾಂಕ 0.25ಕ್ಕೆ ಇಳಿದರೆ ಮೂರು ಪಟ್ಟು ಎನ್ನುವುದು 2.2ರ ಹತ್ತಿರ ಬರುತ್ತದೆ, ಬೆಲ್ಟು ಜಾರುತ್ತದೆ. ಆಗ ಸಾಮಾನ್ಯವಾಗಿ ಮಾಡುವ ಕೆಲಸ ಬೆಲ್ಟನ್ನು ಬಿಗಿಯಾಗಿ ಎಳೆದಿಡುವ ಟೇಕ್‌ಅಪ್ ತೂಕಕ್ಕೆ ಇನ್ನೆರಡು ಕಬ್ಬಿಣದ ಗಟ್ಟಿ ಸೇರಿಸುವುದು. ಜಾರುವುದು ನಿಲ್ಲುತ್ತದೆ. ಆದರೆ ಆ ಹೆಚ್ಚುವರಿ ಎಳೆತ ಹಗಲೂ ರಾತ್ರಿ ಜಾಯಿಂಟನ್ನೂ ಬೇರಿಂಗನ್ನೂ ಪುಲಿಯ ಶಾಫ್ಟನ್ನೂ ತಿನ್ನುತ್ತಿರುತ್ತದೆ. ನೋಡಬೇಕಿದ್ದುದು ಪುಲಿಯ ಮೇಲಿನ ರಬ್ಬರ್ ಲ್ಯಾಗಿಂಗ್ ಸವೆದಿದೆಯೇ ಎಂಬುದನ್ನು. ಮಳೆಗಾಲದಲ್ಲಿ ಸೇರಿಸಿದ ತೂಕವನ್ನು ಬೇಸಿಗೆಯಲ್ಲಿ ಯಾರೂ ತೆಗೆಯುವುದಿಲ್ಲ.

ಕೆಟ್ಟಮೇಲೆ ನೋಡೋಣ ಎಂಬ ಪಂಥ

ಹಳೆಯ ಪಂಥ ಇದು. ಎರಡನೇ ಮಹಾಯುದ್ಧದವರೆಗೆ ಕಾರ್ಖಾನೆಗಳ ರೂಢಿಯೇ ಹೀಗಿತ್ತು. ಇದನ್ನು ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ. ಅದು ನ್ಯಾಯವಲ್ಲ. ಗಿರಣಿಯಲ್ಲಿ ನಲವತ್ತು ಅಡಿಯ ಒಂದು ಬೆಲ್ಟು, ಗೋಡೌನಿನಲ್ಲಿ ಎರಡು ಬಿಡಿ ರೋಲರ್, ಅರ್ಧ ಗಂಟೆಯಲ್ಲಿ ಬದಲಿಸಬಲ್ಲ ಮೇಸ್ತ್ರಿ ಇದ್ದರೆ ರೋಲರ್ ಕೆಡುವವರೆಗೆ ಓಡಿಸುವುದರಲ್ಲಿ ತಪ್ಪೇನಿಲ್ಲ. ತಪ್ಪಾಗುವುದು ಒಂದು ಭಾಗ ಕೆಟ್ಟು ಇನ್ನೊಂದನ್ನು ಕೆಡಿಸುವಲ್ಲಿ. ನೂರಾರು ರೂಪಾಯಿಯ ರೋಲರ್ ಲಕ್ಷಾಂತರ ರೂಪಾಯಿಯ ಬೆಲ್ಟನ್ನು ಸೀಳಬಲ್ಲದು. ಬೆಲ್ಟಿನ ಲೋಕದಲ್ಲಿ ಯಾವ ಭಾಗವೂ ತನ್ನಷ್ಟಕ್ಕೇ ಕೆಡುವುದಿಲ್ಲ ಎಂಬುದನ್ನು ಈ ಪಂಥ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕ್ಯಾಲೆಂಡರ್ ನೋಡಿ ಬಿಚ್ಚುವವರು

ಯುದ್ಧದ ನಂತರ ಮೇಲುಗೈ ಪಡೆದದ್ದು ತಡೆ ನಿರ್ವಹಣೆ. ಇಷ್ಟು ಗಂಟೆ ಓಡಿದ ಮೇಲೆ ಗ್ರೀಸ್, ಇಷ್ಟು ತಿಂಗಳಿಗೆ ಗೇರ್‌ಬಾಕ್ಸ್ ಎಣ್ಣೆ, ಇಷ್ಟು ವರ್ಷಕ್ಕೆ ಬೇರಿಂಗ್. ನಮ್ಮ ಸಕ್ಕರೆ ಕಾರ್ಖಾನೆಗಳಿಗೆ ಇದು ಹೇಳಿ ಮಾಡಿಸಿದ ಪದ್ಧತಿ. ಹಂಗಾಮಿನಲ್ಲಿ ಕಬ್ಬಿನ ಕ್ಯಾರಿಯರ್ ನಿಲ್ಲುವಂತಿಲ್ಲ; ನಿಂತರೆ ಗೇಟಿನಾಚೆ ಟ್ರ್ಯಾಕ್ಟರುಗಳ ಸಾಲು, ಒಣಗುತ್ತಿರುವ ಕಬ್ಬು, ರೈತರ ಸಿಟ್ಟು. ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಬಿಡುವು. ಆಗ ಕ್ಯಾರಿಯರಿನ ಸರಪಳಿ ಇಳಿಸಿ, ಉದ್ದ ಅಳೆದು, ಮೂಲ ಅಳತೆಗಿಂತ ಶೇ. 2–3ರಷ್ಟು ಹಿಗ್ಗಿದ್ದನ್ನು ತೆಗೆದು ಹೊಸದು ಹಾಕುತ್ತಾರೆ.

ಈ ಪಂಥಕ್ಕೆ ಮೊದಲ ಪೆಟ್ಟು ಬಿದ್ದದ್ದು ವಿಮಾನಗಳಿಂದ. ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ಕೋಸ್ಟಲ್ ಕಮಾಂಡಿನ ಲೆಕ್ಕಗಳನ್ನು ನೋಡುತ್ತಿದ್ದ ವಿಜ್ಞಾನಿ ಸಿ. ಎಚ್. ವಾಡಿಂಗ್ಟನ್ ಮತ್ತು ಸಂಗಡಿಗರಿಗೆ ವಿಚಿತ್ರವೊಂದು ಕಂಡಿತು. 50 ಗಂಟೆಗೊಮ್ಮೆ ಆಗುವ ತಪಾಸಣೆಯ ಹಿಂದೆಯೇ ವಿಮಾನಗಳ ರಿಪೇರಿ ಏರುತ್ತಿತ್ತು, ದಿನ ಕಳೆದಂತೆ ಇಳಿಯುತ್ತಿತ್ತು. ಬಿಚ್ಚಿ ಜೋಡಿಸುವ ಕೆಲಸವೇ ದೋಷಗಳನ್ನು ತರುತ್ತಿತ್ತು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸಿನ ಎಫ್. ಸ್ಟಾನ್ಲಿ ನೌಲನ್ ಮತ್ತು ಹೋವರ್ಡ್ ಹೀಪ್ ಅಮೆರಿಕದ ರಕ್ಷಣಾ ಇಲಾಖೆಗಾಗಿ ಬರೆದ ವರದಿ ಇನ್ನೂ ಮುಂದೆ ಹೋಯಿತು. ಅವರು ನೋಡಿದ ವಿಮಾನದ ಬಿಡಿಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಲಕ್ಷಣ ತೋರಿದ್ದು ಕೇವಲ ಶೇ. 11. ಉಳಿದ ಶೇ. 89ರಲ್ಲಿ ‘ಇಷ್ಟು ಗಂಟೆಗೆ ಬದಲಿಸು’ ಎಂಬ ನಿಯಮದಿಂದ ಏನೂ ಪ್ರಯೋಜನವಿರಲಿಲ್ಲ. ಯಾವ ಭಾಗ ಕೆಟ್ಟರೆ ಏನಾಗುತ್ತದೆ ಎಂದು ಮೊದಲು ಕೇಳಿ, ಆಮೇಲೆ ಅದಕ್ಕೆ ತಕ್ಕ ಆರೈಕೆ ಆರಿಸಿಕೊಳ್ಳಿ ಎಂಬ ಹೊಸ ಮಾರ್ಗ ಈ ವರದಿಯಿಂದ ಹುಟ್ಟಿತು.

ಶೇ. 89ರ ಲೆಕ್ಕವನ್ನು ಕನ್ವೇಯರಿಗೆ ಹಾಗೆಯೇ ಅನ್ವಯಿಸುವವರು ತಪ್ಪು ಮಾಡುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ. ವಿಮಾನದ ಎಲೆಕ್ಟ್ರಾನಿಕ್ ಪೆಟ್ಟಿಗೆಗೂ ಅದಿರು ಹೊರುವ ರಬ್ಬರಿಗೂ ಹೋಲಿಕೆಯಿಲ್ಲ. ಬೆಲ್ಟಿನ ಮೇಲ್ಪದರ, ಚ್ಯೂಟಿನ ಲೈನರ್, ಸ್ಕ್ರೇಪರಿನ ಅಲಗು, ಪುಲಿಯ ಲ್ಯಾಗಿಂಗ್ ಇವೆಲ್ಲ ಸವೆದೇ ಸಾಯುವ ವಸ್ತುಗಳು. ಎಷ್ಟು ಟನ್ ಹಾದುಹೋಯಿತೋ ಅಷ್ಟು ಸವೆತ. ಅಲ್ಟ್ರಾಸಾನಿಕ್ ಗೇಜಿನಿಂದ ಮೇಲ್ಪದರದ ದಪ್ಪವನ್ನು ಆಗಾಗ ಅಳೆದು, ಹಾದುಹೋದ ಟನ್ನಿನ ಎದುರು ಬರೆದಿಟ್ಟರೆ ಬೆಲ್ಟು ಯಾವಾಗ ಬದಲಿಸಬೇಕೆಂದು ತಿಂಗಳುಗಳ ಮೊದಲೇ ಹೇಳಬಹುದು.

ರೋಲರಿನ ಬೇರಿಂಗಿನ ಕತೆ ಬೇರೆ. ಒಂದು ಕಿ.ಮೀ. ಉದ್ದದ ಕನ್ವೇಯರ್ ಎಂದಿಟ್ಟುಕೊಳ್ಳೋಣ. ಮೇಲೆ 1.2 ಮೀಟರಿಗೊಂದು ಫ್ರೇಮು, ಫ್ರೇಮಿಗೆ ಮೂರು ರೋಲರ್. ಕೆಳಗೆ 3 ಮೀಟರಿಗೆ ಒಂದು. ಒಟ್ಟು 2,800ಕ್ಕೂ ಹೆಚ್ಚು ರೋಲರ್, 5,600ಕ್ಕೂ ಹೆಚ್ಚು ಬೇರಿಂಗ್. ಬೇರಿಂಗಿನ ಆಯುಷ್ಯವೆಂದು ಪಟ್ಟಿಯಲ್ಲಿ ಬರೆದಿರುವುದರ ಅರ್ಥ ಅಷ್ಟು ಗಂಟೆ ಕಳೆಯುವಾಗ ನೂರರಲ್ಲಿ ಹತ್ತು ಕೆಟ್ಟಿರುತ್ತವೆ ಎಂದು. ಅದು 60,000 ಗಂಟೆ ಇದ್ದು ಬೆಲ್ಟು ಬಿಡದೆ ಓಡಿದರೂ ಏಳು ವರ್ಷದೊಳಗೆ ಐನೂರಕ್ಕೂ ಹೆಚ್ಚು ಬೇರಿಂಗ್ ಹೋಗಿರುತ್ತವೆ, ಅದೂ ದೂಳು, ನೀರು, ಕೆಟ್ಟ ಸೀಲು ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ. ಯಾವ ಐನೂರು ಎಂದು ಯಾವ ಕ್ಯಾಲೆಂಡರೂ ಹೇಳಲಾರದು.

ಪಕ್ಕದಲ್ಲಿ ನಿಂತವನ ಕೈಗೆ ಕೊಡಿ

ಜಪಾನಿನಿಂದ ಬಂದ ಉತ್ತರ ಯಂತ್ರಕ್ಕಿಂತ ಹೆಚ್ಚಾಗಿ ಮನುಷ್ಯನನ್ನು ಕುರಿತದ್ದು. ಸೆಯಿಚಿ ನಕಾಜಿಮಾ ರೂಪಿಸಿದ, 1971ರ ಹೊತ್ತಿಗೆ ನಿಪ್ಪಾನ್‌ಡೆನ್ಸೊ ಕಾರ್ಖಾನೆಯಲ್ಲಿ ನೆಲೆಗೊಂಡ ಟಿಪಿಎಂ (ಟೋಟಲ್ ಪ್ರೊಡಕ್ಟಿವ್ ಮೇಂಟೆನೆನ್ಸ್) ಪದ್ಧತಿ, ಓಡಿಸುವವನು ಬೇರೆ ರಿಪೇರಿಯವನು ಬೇರೆ ಎಂಬ ಗೋಡೆಯನ್ನು ಒಡೆಯಲು ಹೊರಟಿತು. ಯಂತ್ರವನ್ನು ಓಡಿಸುವವನೇ ದಿನವೂ ಒರೆಸಲಿ, ಬೋಲ್ಟು ಬಿಗಿಯಲಿ, ಎಣ್ಣೆ ಹಾಕಲಿ. ಒರೆಸುವಾಗ ಬಿರುಕು, ಸೋರಿಕೆ, ಅದಿರಾಟ ಅವನ ಕಣ್ಣಿಗೆ ಬೀಳುತ್ತವೆ. ಶುಚಿ ಮಾಡುವುದೇ ತಪಾಸಣೆ ಎಂಬುದು ಇದರ ತಿರುಳು.

ನನಗೆ ಇದರಲ್ಲಿ ದೊಡ್ಡ ಸತ್ಯ ಕಾಣುತ್ತದೆ, ದೊಡ್ಡ ಅಪಾಯವೂ. ಸತ್ಯ ಏನೆಂದರೆ, ಬೆಲ್ಟಿನ ಕೆಳಗೆ ಸಲಿಕೆ ಹಿಡಿದು ಉದುರಿದ್ದನ್ನು ಎತ್ತುವ ಕಾರ್ಮಿಕನಷ್ಟು ಆ ಬೆಲ್ಟನ್ನು ಬಲ್ಲವರು ಕಾರ್ಖಾನೆಯಲ್ಲಿ ಇಲ್ಲ. ಎಲ್ಲಿ ದಿನವೂ ಗುಡ್ಡೆಯಾಗುತ್ತದೆ, ನಿನ್ನೆಗಿಂತ ಇಂದು ಹೆಚ್ಚಾಯಿತೇ, ಯಾವ ರೋಲರ್ ರಾತ್ರಿಯ ನಿಶ್ಶಬ್ದದಲ್ಲಿ ಕಿರುಗುಟ್ಟುತ್ತದೆ, ಎಲ್ಲವೂ ಅವನಿಗೆ ಗೊತ್ತು. ಅವನು ಎತ್ತುವ ಗುಡ್ಡೆಗಳ ನಕ್ಷೆ ಬರೆದರೆ ಅದೇ ಬೆಲ್ಟಿನ ರೋಗಗಳ ನಕ್ಷೆ. ಆದರೆ ಅವನು ಸಾಮಾನ್ಯವಾಗಿ ಗುತ್ತಿಗೆ ಕಾರ್ಮಿಕ. ಶಿಫ್ಟ್ ಪುಸ್ತಕದಲ್ಲಿ ಅವನ ಮಾತಿಗೆ ಜಾಗವಿಲ್ಲ. ಅಲ್ಲಿರುವುದು ‘ಬೆಲ್ಟು ಸೈಡಿಗೆ ಹೋಗಿತ್ತು, ಸರಿಪಡಿಸಲಾಯಿತು’ ಎಂಬಂಥ ಒಂದು ಸಾಲು. ಯಾವ ಜಾಗ, ಯಾವ ಹೊತ್ತು, ಖಾಲಿಯೋ ತುಂಬಿತ್ತೋ, ಒಂದೂ ಇಲ್ಲ.

ಅಪಾಯವೆಂದರೆ, ಕನ್ವೇಯರಿನಲ್ಲಿ ಜನ ಕೈ ಕಳೆದುಕೊಳ್ಳುವುದು, ಜೀವ ಕಳೆದುಕೊಳ್ಳುವುದು ಈ ಶುಚಿಗೊಳಿಸುವ ಕೆಲಸದಲ್ಲೇ. ಸೆಕೆಂಡಿಗೆ 2.5 ಮೀಟರ್ ಓಡುವ ಬೆಲ್ಟು ಬಾಲದ ಪುಲಿಗೆ ಸೇರುವ ಸಂದಿಗೆ ಸಲಿಕೆ ತಾಗಿತೆಂದರೆ, ಬಿಡಬೇಕೆಂದು ಹೊಳೆಯುವ ಮುಕ್ಕಾಲು ಸೆಕೆಂಡಿನಲ್ಲಿ ಬೆಲ್ಟು ಎರಡು ಮೀಟರಿನಷ್ಟು ಸಾಗಿರುತ್ತದೆ. ತೋಳು ಅಷ್ಟು ಉದ್ದವಿಲ್ಲ. ಓಡುವ ಕನ್ವೇಯರಿನ ಮಟ್ಟಿಗೆ ಟಿಪಿಎಂನ ಮಂತ್ರ ಹಾಗೆಯೇ ನಡೆಯುವುದಿಲ್ಲ: ನೋಡುವುದು ಓಡುವಾಗ, ಮುಟ್ಟುವುದು ನಿಲ್ಲಿಸಿ, ಮೋಟಾರಿನ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ಮುಟ್ಟುವವನ ಜೇಬಿನಲ್ಲೇ ಇಟ್ಟುಕೊಂಡ ಮೇಲೆ.

ಕಿವಿಯಿಂದ ಸೆನ್ಸರಿನವರೆಗೆ

ನಾಲ್ಕನೆಯ ಪಂಥ ಸ್ಥಿತಿ ನೋಡಿ ಕೈಹಾಕುವವರದು. ಇದರ ಬೇರು ಹಳೆಯದು. ಯಂತ್ರದ ಅದಿರಾಟ ಎಷ್ಟಿದ್ದರೆ ಸರಿ, ಎಷ್ಟಾದರೆ ಕೇಡು ಎಂದು ಟಿ. ಸಿ. ರಾತ್‌ಬೋನ್ 1939ರಲ್ಲೇ ಪಟ್ಟಿ ಮಾಡಿದ್ದರು. ಇಂದು ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಲೋಹದ ಕಣ ಎಣಿಸುತ್ತಾರೆ, ಥರ್ಮಲ್ ಕ್ಯಾಮೆರಾದಲ್ಲಿ ಬಿಸಿ ರೋಲರ್ ಹುಡುಕುತ್ತಾರೆ, ಉಕ್ಕಿನ ತಂತಿಯ ಬೆಲ್ಟುಗಳೊಳಗಿನ ಕಡಿತವನ್ನು ಕಾಂತೀಯ ಸ್ಕ್ಯಾನರಿನಿಂದ ಪತ್ತೆಹಚ್ಚುತ್ತಾರೆ. ಕನ್ವೇಯರಿನ ಉದ್ದಕ್ಕೂ ಎಳೆದ ಒಂದೇ ಫೈಬರ್ ಆಪ್ಟಿಕ್ ಕೇಬಲ್ ಸಾವಿರಾರು ರೋಲರುಗಳ ಸದ್ದು ಕೇಳಿಸಿಕೊಂಡು ಯಾವುದು ನರಳುತ್ತಿದೆ ಎಂದು ಹೇಳುವ ತಂತ್ರವೂ ಬಂದಿದೆ. ಮೇಲಿನ ಲೆಕ್ಕದ 5,600 ಬೇರಿಂಗುಗಳಿಗೆ ಸರಿಯಾದ ಉತ್ತರ ಕೊಡಬಲ್ಲದ್ದು ಈ ಪಂಥವೊಂದೇ.

ಇದರ ಬಲವೆಲ್ಲ ನಿಂತಿರುವುದು ಒಂದು ಅಂತರದ ಮೇಲೆ. ಕೇಡಿನ ಮೊದಲ ಸುಳಿವು ಸಿಕ್ಕ ದಿನದಿಂದ ಯಂತ್ರ ಕೈಕೊಡುವ ದಿನದವರೆಗೆ ಎಷ್ಟು ಬಿಡುವಿದೆ? ಗೇರ್‌ಬಾಕ್ಸಿನ ಬೇರಿಂಗಿನಲ್ಲಿ ಅದು ವಾರಗಳು, ತಿಂಗಳುಗಳೂ ಇರಬಹುದು. ಚ್ಯೂಟಿನಲ್ಲಿ ಸಿಕ್ಕಿಕೊಂಡ ಕಬ್ಬಿಣದ ಪಟ್ಟಿ ಬೆಲ್ಟು ಸೀಳಲು ಕೆಲವೇ ನಿಮಿಷ ಸಾಕು. ಮೊದಲನೆಯದಕ್ಕೆ ತಿಂಗಳಿಗೊಮ್ಮೆ ಬಂದು ಅಳೆಯುವ ತಜ್ಞ ಉಪಯೋಗ, ಎರಡನೆಯದಕ್ಕೆ ತಾನೇ ಬೆಲ್ಟು ನಿಲ್ಲಿಸುವ ಸ್ವಿಚ್ಚು ಬೇಕು. ಸುಳಿವು ಸಿಕ್ಕರೂ ಉತ್ಪಾದನೆಯವರು ಬೆಲ್ಟು ನಿಲ್ಲಿಸಲು ಒಪ್ಪದಿದ್ದರೆ ಸೆನ್ಸರಿಗೆ ಹಾಕಿದ ಹಣ ವ್ಯರ್ಥ.

ಹೊರಗಿನವರನ್ನು ಕರೆಯುವ ಗೆರೆ

ಇಷ್ಟು ಪಂಥಗಳ ನಡುವೆ ವೃತ್ತಿಪರ ಸೇವೆಯ ಪ್ರಶ್ನೆ ಬರುವುದು ಹೆಚ್ಚಾಗಿ ಹಣದ ಮಾತಾಗಿ. ಸ್ವಂತ ಜನ ಅಗ್ಗ, ಹೊರಗಿನವರು ದುಬಾರಿ. ಆದ್ದರಿಂದ ನಮ್ಮ ಕೈ ಸೋತ ಮೇಲೆ ಕರೆಯೋಣ. ಈ ಗೆರೆ ತಪ್ಪು ಜಾಗದಲ್ಲಿದೆ. ಕೆಲಸದ ಕಷ್ಟಕ್ಕಿಂತ ಅದರೊಳಗಿನ ಶಕ್ತಿಯನ್ನೂ ಕಣ್ಣಿಗೆ ಬೀಳದ್ದನ್ನೂ ನೋಡಿ ಗೆರೆ ಎಳೆಯಬೇಕು.

ಟೇಕ್‌ಅಪ್ ತೂಕ ಟನ್ನುಗಟ್ಟಲೆ ಇರುತ್ತದೆ. ಏರು ಕನ್ವೇಯರಿನ ಮೇಲೆ ಸರಕು ತುಂಬಿರುವಾಗ ಗೇರ್‌ಬಾಕ್ಸ್ ಕಳಚಿದರೆ, ಹಿಂದಕ್ಕೆ ಓಡದಂತೆ ಹಿಡಿಯುವ ಹೋಲ್ಡ್‌ಬ್ಯಾಕ್ ಕೂಡ ಕಳಚಿದಂತೆ. ಕರೆಂಟು ಇಲ್ಲದೆಯೇ ಬೆಲ್ಟು ಹಿಂದಕ್ಕೆ ನುಗ್ಗುತ್ತದೆ. ಬೀಗ ಹಾಕಿದ ಸ್ವಿಚ್ಚು ಇದನ್ನು ತಡೆಯುವುದಿಲ್ಲ. ಬೆಲ್ಟನ್ನು ಕ್ಲ್ಯಾಂಪ್ ಹಾಕಿ ಹಿಡಿದು, ತೂಕವನ್ನು ಎತ್ತಿ ಕಟ್ಟುವ ಕೆಲಸ ಅದರಲ್ಲೇ ತರಬೇತಾದವರದು, ಎಷ್ಟೇ ಸಣ್ಣ ಕಾರ್ಖಾನೆಯಾದರೂ.

ಜಾಯಿಂಟಿನದೂ ಹಾಗೆಯೇ. ನಾಲ್ಕು ಪದರದ ಬೆಲ್ಟಿನ ಮೆಟ್ಟಿಲು ಜಾಯಿಂಟಿನಲ್ಲಿ ಲೆಕ್ಕಕ್ಕೆ ಸಿಗುವುದು ಮೂರು ಪದರದ ಬಲ. ಮೆಟ್ಟಿಲು ಕತ್ತರಿಸುವಾಗ ಚಾಕು ಕೆಳಗಿನ ಪದರಕ್ಕೆ ತುಸು ತಾಗಿದರೂ ಅದರ ಬಲ ಕುಂದುತ್ತದೆ, ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ. ಆಮೇಲೆ ಸೊಲ್ಯೂಷನ್ ಹಚ್ಚಿ, ದೂಳು ಬೀಳದಂತೆ ಕಾಪಾಡಿ, ಸುಮಾರು 145 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಪ್ರೆಸ್ಸಿನಡಿ ಒತ್ತಿ, ತಣ್ಣಗಾಗುವವರೆಗೆ ಬಿಚ್ಚದೆ ಕಾಯಬೇಕು. ಬೆಳಗಿನ ಶಿಫ್ಟಿಗೆ ಬೆಲ್ಟು ಬೇಕೆಂದು ಅವಸರ ಮಾಡಿದರೆ ಆ ಅವಸರ ಕೆಲವು ತಿಂಗಳ ನಂತರ ಜಾಯಿಂಟು ಬಿಟ್ಟಾಗ ಹೊರಬರುತ್ತದೆ. ಕ್ಲಿಪ್ ಹೊಡೆದು ಎರಡು ದಿನ ದೂಡುವುದು ಸ್ವಂತ ಫಿಟ್ಟರಿಗೆ ಸಾಧ್ಯ, ಕೆಲವೊಮ್ಮೆ ಅನಿವಾರ್ಯ ಕೂಡ. ಅದೇ ಕ್ಲಿಪ್ಪಿನಲ್ಲಿ ಎರಡು ವರ್ಷ ಓಡಿಸುವುದು ಬೇರೆ ಮಾತು. ಕ್ಲಿಪ್ಪು ಸ್ಕ್ರೇಪರನ್ನೂ ಲ್ಯಾಗಿಂಗನ್ನೂ ತಿನ್ನುತ್ತದೆ.

ಮತ್ತೆ ಮತ್ತೆ ಬರುವ ದೋಷಕ್ಕೂ ಹೊರಗಿನ ಕಣ್ಣು ಬೇಕು. ಒಂದೇ ಜಾಗದ ರೋಲರ್ ವರ್ಷದಲ್ಲಿ ಮೂರು ಸಲ ಹೋದರೆ ನಾಲ್ಕನೆಯ ರೋಲರ್ ತರಿಸುವುದು ನಿರ್ವಹಣೆಯಲ್ಲ. ಅಲ್ಲಿ ಅಡಿಪಾಯ ಕುಸಿದಿದೆ, ಚೌಕಟ್ಟು ಬಾಗಿದೆ ಅಥವಾ ಸರಕು ಎತ್ತರದಿಂದ ಬೀಳುತ್ತಿದೆ. ಗಂಟೆಗೆ ಇನ್ನಷ್ಟು ಟನ್ ಬೇಕೆಂದು ಬೆಲ್ಟಿನ ವೇಗ ಏರಿಸಿದಾಗ, ಬೇರೆ ಗಣಿಯ ಜಿಗುಟು ಕಲ್ಲಿದ್ದಲು ಬರತೊಡಗಿದಾಗ ಹಳೆಯ ವಿನ್ಯಾಸದ ಲೆಕ್ಕ ಸುಳ್ಳಾಗುತ್ತದೆ. ಭಾರತೀಯ ಮಾನಕ ಐಎಸ್ 11592ರ ಪ್ರಕಾರ ಎಳೆತ, ಮೋಟಾರು, ಪುಲಿಗಳನ್ನು ಮತ್ತೆ ಲೆಕ್ಕ ಹಾಕಬಲ್ಲವರನ್ನು ಕರೆಯಬೇಕಾದ ಹೊತ್ತು ಅದು. ಆಗ ಬೆಲ್ಟು ಚೆನ್ನಾಗಿಯೇ ಓಡುತ್ತಿರುತ್ತದೆ. ಹಾಗಾಗಿಯೇ ಯಾರೂ ಕರೆಯುವುದಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬೆಲ್ಟು ಮಾರುವವನೇ ಬೆಲ್ಟಿನ ಆರೋಗ್ಯ ತಪಾಸಣೆಯನ್ನೂ ಮಾಡಿದರೆ ‘ಬದಲಿಸಿ’ ಎಂಬ ಸಲಹೆಯನ್ನು ಹೇಗೆ ನಂಬುವುದು? ಎಲ್ಲವನ್ನೂ ವಾರ್ಷಿಕ ಗುತ್ತಿಗೆಗೆ ಕೊಟ್ಟ ಕಾರ್ಖಾನೆಗಳಲ್ಲಿ ಕೆಲವು ವರ್ಷಗಳ ನಂತರ ಬಿಸಿಯಲ್ಲಿ ಜಾಯಿಂಟು ಒತ್ತುವ ವಲ್ಕನೈಸಿಂಗ್ ಬಲ್ಲ ಸ್ವಂತ ಜನ ನಿವೃತ್ತರಾಗಿರುತ್ತಾರೆ. ಗುತ್ತಿಗೆದಾರನ ಕೆಲಸ ಚೆನ್ನಾಗಿದೆಯೇ ಎಂದು ಹೇಳಲು ಆಗ ಒಳಗೆ ಯಾರೂ ಉಳಿದಿರುವುದಿಲ್ಲ. ಹೊರಗಿನವರನ್ನು ಕರೆಯಲು ಕೂಡ ಒಳಗೆ ಒಬ್ಬ ಬಲ್ಲವನು ಬೇಕು.

ಕಾನೂನು ಎಲ್ಲಿಯವರೆಗೆ ಬಂದಿದೆ

ದಶಕಗಳ ಕಾಲ ಇಲ್ಲಿ ಆಧಾರವಾಗಿದ್ದುದು 1948ರ ಕಾರ್ಖಾನೆಗಳ ಕಾಯ್ದೆ. ಅದರ 21ನೇ ಸೆಕ್ಷನ್ ಅಪಾಯದ ಭಾಗಗಳಿಗೆ ಬೇಲಿ ಕೇಳುತ್ತಿತ್ತು. 22ನೇ ಸೆಕ್ಷನ್ ಓಡುವ ಯಂತ್ರದ ಹತ್ತಿರ ಕೆಲಸ ಮಾಡಬೇಕಾದವನು ವಿಶೇಷ ತರಬೇತಿ ಪಡೆದ, ಬಿಗಿಯಾದ ಉಡುಪು ತೊಟ್ಟ, ರಿಜಿಸ್ಟರಿನಲ್ಲಿ ಹೆಸರಿರುವ ವಯಸ್ಕನೇ ಆಗಿರಬೇಕು ಎನ್ನುತ್ತಿತ್ತು. 28ನೇ ಸೆಕ್ಷನ್ ಲಿಫ್ಟುಗಳನ್ನು ಆರು ತಿಂಗಳಿಗೊಮ್ಮೆ, 29ನೆಯದು ಕ್ರೇನು ಮುಂತಾದ ಎತ್ತುವ ಯಂತ್ರಗಳನ್ನು ವರ್ಷಕ್ಕೊಮ್ಮೆ ‘ಸಮರ್ಥ ವ್ಯಕ್ತಿ’ ಪರೀಕ್ಷಿಸಿ ಬರೆದುಕೊಡಬೇಕೆಂದು ವಿಧಿಸಿತು. ಸಮರ್ಥ ವ್ಯಕ್ತಿ ಯಾರು ಎಂಬ ವ್ಯಾಖ್ಯೆ ಭೋಪಾಲ್ ದುರಂತದ ನಂತರದ 1987ರ ತಿದ್ದುಪಡಿಯಲ್ಲಿ ಸೇರಿತು. ಈ ನಿಯತ ತಪಾಸಣೆಯ ಸೆಕ್ಷನ್‌ಗಳಲ್ಲಿ ಕನ್ವೇಯರ್ ಹೆಸರಿರಲಿಲ್ಲ. ಕಾಯ್ದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ. ಕನ್ವೇಯರ್ ಸುರಕ್ಷತೆಗೆಂದೇ ಐಎಸ್ 7155 ಎಂಬ ಮಾನಕಗಳ ಸರಣಿ ಇದೆ, ಚೆನ್ನಾಗಿಯೂ ಇದೆ. ಆದರೆ ಅದನ್ನು ತೆರೆದು ನೋಡಬೇಕೆಂಬ ಒತ್ತಾಯ ಸಣ್ಣ ಗಿರಣಿಯ ಮಾಲೀಕನಿಗೆ ಎಲ್ಲಿಂದಲೂ ಬರುವುದಿಲ್ಲ.

ಇತ್ಯರ್ಥವಾಗದೆ ಉಳಿದವು

ಓಡುತ್ತಿರುವ ಬಟ್ಟೆ ಪದರದ ಬೆಲ್ಟಿನ ಜಾಯಿಂಟಿನಲ್ಲಿ ಇನ್ನೆಷ್ಟು ಆಯುಷ್ಯವಿದೆ ಎಂದು ಬಿಚ್ಚದೆ, ನಂಬಿಕೆಯಿಂದ ಹೇಳುವ ದಾರಿ ಇನ್ನೂ ಇಲ್ಲ. ಉಕ್ಕಿನ ತಂತಿಯ ಬೆಲ್ಟಿಗೆ ಕಾಂತೀಯ ಸ್ಕ್ಯಾನರ್ ಸುಳಿವು ಕೊಡುತ್ತದೆ. ಬಟ್ಟೆಗೆ ಅಂಥದ್ದಿಲ್ಲ, ನಮ್ಮ ಬಹುಪಾಲು ಬೆಲ್ಟುಗಳು ಬಟ್ಟೆಯವೇ.

ರೋಲರುಗಳನ್ನು ಕೆಟ್ಟಂತೆ ಒಂದೊಂದಾಗಿ ಬದಲಿಸಬೇಕೋ, ಶಟ್‌ಡೌನಿನಲ್ಲಿ ಇಡೀ ಸಾಲನ್ನು ಒಟ್ಟಿಗೆ ಬದಲಿಸಬೇಕೋ ಎಂಬಲ್ಲಿ ಅನುಭವಿಗಳೇ ಎರಡು ಬಣವಾಗಿದ್ದಾರೆ. ಮೊದಲನೆಯದರಲ್ಲಿ ಸಾಮಾನು ಉಳಿಯುತ್ತದೆ, ಎರಡನೆಯದರಲ್ಲಿ ಬೆಲ್ಟಿನ ಬಳಿ ಮನುಷ್ಯ ಕೈಹಾಕುವ ಸಂದರ್ಭಗಳು ಕಡಿಮೆಯಾಗುತ್ತವೆ. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗುವ ಲೆಕ್ಕವನ್ನು ಎಲ್ಲರೂ ಒಪ್ಪುವಂತೆ ಯಾರೂ ಕೊಟ್ಟಿಲ್ಲ.

ಸೇವಾ ಗುತ್ತಿಗೆಯ ಹಣವನ್ನು ಯಾವುದರ ಮೇಲೆ ಕೊಡಬೇಕು? ಬಂದು ಹೋದ ಸಲಕ್ಕೆ ಕೊಟ್ಟರೆ ಸಲಗಳು ಹೆಚ್ಚುತ್ತವೆ. ಸಾಗಿದ ಟನ್ನಿಗೆ ಕೊಟ್ಟರೆ ನಿಲ್ಲಿಸಬೇಕಾದ ಬೆಲ್ಟನ್ನು ಗುತ್ತಿಗೆದಾರನೂ ನಿಲ್ಲಿಸುವುದಿಲ್ಲ. ಸೆನ್ಸರಿನ ಮಾಹಿತಿ ಅದನ್ನು ಮಾರಿದ ಕಂಪನಿಯ ಸರ್ವರಿನಲ್ಲೇ ಇದ್ದರೆ, ಗುತ್ತಿಗೆ ಮುಗಿದ ದಿನ ಆ ಬೆಲ್ಟಿನ ಚರಿತ್ರೆ ಯಾರದು ಎಂಬುದೂ ಇತ್ಯರ್ಥವಾಗಿಲ್ಲ.

ಫೈಬರ್ ಕೇಬಲ್, ಥರ್ಮಲ್ ಕ್ಯಾಮೆರಾ ಎಲ್ಲ ತೋರಣಗಲ್ಲಿನಂಥ ಕಡೆ ಲೆಕ್ಕಕ್ಕೆ ಕೂರುತ್ತವೆ. ಕಾರಟಗಿಯ ಗಿರಣಿಗೆ ಕೂರುವುದಿಲ್ಲ. ಹತ್ತಿಪ್ಪತ್ತು ಗಿರಣಿಗಳು ಸೇರಿ ಒಬ್ಬ ಬಲ್ಲ ತಂತ್ರಜ್ಞನನ್ನು ಇಟ್ಟುಕೊಳ್ಳುವುದು ಸಾಧ್ಯವೇ, ಅವನ ಮಾತಿನ ಮೇಲೆ ಮಾಲೀಕರು ಬೆಲ್ಟು ನಿಲ್ಲಿಸುವರೇ ಎಂಬುದನ್ನು ಮಾಡಿಯೇ ನೋಡಬೇಕು. ಲಿಫ್ಟು, ಕ್ರೇನುಗಳ ಹಾಗೆ ಕನ್ವೇಯರನ್ನೂ ನಿಯತ ತಪಾಸಣೆಯ ಪಟ್ಟಿಗೆ ಸೇರಿಸಬೇಕೇ ಎಂಬುದರಲ್ಲೂ ಒಮ್ಮತವಿಲ್ಲ. ಸೇರಿಸಿದರೆ ಕೈಕಾಲುಗಳು ಉಳಿಯುತ್ತವೆ ಎನ್ನುವವರಿದ್ದಾರೆ, ಸರ್ಟಿಫಿಕೇಟ್ ಬರೆಯುವವರ ಸಂಖ್ಯೆ ಮಾತ್ರ ಬೆಳೆಯುತ್ತದೆ ಎನ್ನುವವರೂ. ನಾನು ಮೊದಲನೆಯವರ ಕಡೆಗಿದ್ದೇನೆ, ಒಂದು ಷರತ್ತಿನ ಮೇಲೆ: ತಪಾಸಣೆಗೆ ಬಂದವರು ಬೆಲ್ಟಿನ ಕೆಳಗೆ ಸಲಿಕೆ ಹಿಡಿಯುವ ಕಾರ್ಮಿಕನನ್ನು ಮಾತಾಡಿಸಿ, ಅವನು ಹೇಳಿದ್ದನ್ನು ವರದಿಯಲ್ಲಿ ಬರೆಯಬೇಕು. ಅಂಥ ಅಂಕಣವುಳ್ಳ ಒಂದು ತಪಾಸಣಾ ನಮೂನೆ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.